ರಾಗಿ ಜೊತೆ ತೊಗರಿ: ಹೂ ಬಿಡುವ ಹೊತ್ತಿಗೆ ತೇವ ಉಳಿಸುವುದು ಹೇಗೆ?

ಪ್ರಶ್ನೆ, ಶಿರಾ ಕಡೆಯಿಂದ:
ಕೆಂಪು ಮಣ್ಣು, ಸ್ವಲ್ಪ ಇಳಿಜಾರು, ಬೋರ್‌ವೆಲ್ ಇಲ್ಲ. ರಾಗಿ ಹೇಗೋ ಕೈಗೆ ಬರುತ್ತದೆ. ತೊಗರಿ ಹೂ ಬಿಡುವಾಗ ನೆಲ ಒಣಗಿ ಹೂವೆಲ್ಲ ಉದುರುತ್ತದೆ. ನೀವೆಲ್ಲ ಏನು ಮಾಡುತ್ತೀರಿ?

ಮಾಗಡಿ ಕಡೆಯಿಂದ:
ನಾವು 8 ಸಾಲು ರಾಗಿಗೆ 2 ಸಾಲು ತೊಗರಿ ಹಾಕುತ್ತೇವೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೇಳುವುದೂ ಇದನ್ನೇ. ಆದರೆ ನಿಮ್ಮ ತೊಂದರೆಗೆ ಮದ್ದು ಇರುವುದು ಆ ಎರಡು ತೊಗರಿ ಸಾಲಿನ ನಡುವೆ. ಬಿತ್ತಿ ಒಂದು ತಿಂಗಳು ದಾಟಿದ ಮೇಲೆ, ನೆಲ ಹದವಾಗಿದ್ದಾಗ, ಅಲ್ಲಿ ನೇಗಿಲಿನಿಂದ ಆಳವಾಗಿ ಒಂದು ಸಾಲು ಹೊಡೆಯಿರಿ. ಸೆಪ್ಟೆಂಬರ್‌ನಲ್ಲಿ ಜೋರಾಗಿ ಸುರಿದು ಹರಿದುಹೋಗುವ ನೀರು ಅದರಲ್ಲಿ ನಿಂತು ಕೆಳಗೆ ಇಂಗುತ್ತದೆ, ರಾಗಿ ಬೇರು ಅಷ್ಟು ಆಳಕ್ಕೆ ಹೋಗಲ್ಲ, ತೊಗರಿಯದ್ದು ಹೋಗುತ್ತದೆ, ರಾಗಿ ಕೊಯ್ದ ಮೇಲೆ ತೊಗರಿ ಬದುಕುವುದು ಆ ನೀರಿನಲ್ಲೇ. ಬಿತ್ತನೆ ಮಾತ್ರ ಇಳಿಜಾರಿಗೆ ಅಡ್ಡವಾಗಿಯೇ ಇರಬೇಕು. ಉದ್ದಕ್ಕೆ ಬಿತ್ತಿದ್ದರೆ ಈ ಸಾಲು ಹೊಡೆಯಲೇಬೇಡಿ, ನೀರಿನ ಜೊತೆ ಮಣ್ಣೂ ಹೋಗುತ್ತದೆ.

ಇನ್ನೊಂದು. ಕೆಂಪು ಮಣ್ಣು ಮಳೆ ಬಿದ್ದು ಒಣಗಿದರೆ ಮೇಲ್ಪದರ ಗಟ್ಟಿಯಾಗಿ ಮುಂದಿನ ಮಳೆ ಒಳಗೆ ಇಳಿಯುವುದಿಲ್ಲ. ಕಳೆ ಇಲ್ಲದಿದ್ದರೂ ಎಡೆಕುಂಟೆ (ಸಾಲುಗಳ ನಡುವಿನ ಮೇಲ್ಮಣ್ಣು ಸಡಿಲ ಮಾಡುವ ಕುಂಟೆ) ಹಾಯಿಸಿ.

ಸಿಂದಗಿ ಕಡೆಯಿಂದ:
ನಮ್ಮದು ಎರೆ ಹೊಲ, ಅಂದರೆ ಕಪ್ಪು ಮಣ್ಣು, 2 ಸಾಲು ಸಜ್ಜೆಗೆ 1 ಸಾಲು ತೊಗರಿ. ಸಜ್ಜೆ ಬೇಗ ಮುಗಿಯುತ್ತದೆ. ಆಮೇಲೆ ತುಂಬಾ ಜನ ಹೊಲದ ಕಡೆ ತಿರುಗಿ ನೋಡುವುದಿಲ್ಲ, ಅದೇ ತಪ್ಪು ಅಂತ ನನಗನಿಸುತ್ತದೆ. ತೊಗರಿಗೆ ಇನ್ನೂ ಎರಡು ತಿಂಗಳ ಮೇಲೆ ಬೇಕು ಅಲ್ವಾ? ಎರೆ ಮಣ್ಣು ಆಗಲೇ ಬಿರುಕು ಬಿಡಲು ಶುರುವಾಗುತ್ತದೆ, ಬಿರುಕಿನೊಳಗಿಂದಲೇ ತೇವ ಆರಿ ಹೋಗುತ್ತದೆ. ಸಜ್ಜೆ ಕೊಯ್ದ ಕೂಡಲೇ ನಾವು ಎಡೆ ಹೊಡೆಯುತ್ತೇವೆ. ಮೇಲಿನ ಪುಡಿ ಮಣ್ಣು ಬಿರುಕಿಗೆ ತುಂಬಿಕೊಂಡು ಕೆಳಗಿನ ತೇವ ಉಳಿಯುತ್ತದೆ.

ಮತ್ತೆ ಶಿರಾ ಕಡೆಯಿಂದ:
ತೇವ ಆರದಂತೆ ಹುಲ್ಲು, ಸೊಪ್ಪು ಹಾಸಿ ನೆಲಕ್ಕೆ ಮುಚ್ಚಿಗೆ ಹಾಕಿ ಅಂತಲೂ ಹೇಳುತ್ತಾರೆ. ಆದರೆ ರಾಗಿ ಹುಲ್ಲು ದನಕ್ಕೇ ಸಾಲುವುದಿಲ್ಲ.

ಮಾಗಡಿ ಕಡೆಯಿಂದ:
ರಾಗಿ ಹುಲ್ಲು ಮುಟ್ಟಬೇಡಿ. ಬದುವಿನ ಮೇಲೆ ಗ್ಲಿರಿಸಿಡಿಯಾ, ಅದೇ ಗೊಬ್ಬರದ ಗಿಡ, ಬೆಳೆಸಿಕೊಳ್ಳಿ. ಮಳೆ ಹಿಡಿದಾಗ ಬಲಿತ ಕಡ್ಡಿ ಕತ್ತರಿಸಿ ನೆಟ್ಟರೆ ಚಿಗುರುತ್ತದೆ. ಅದು ಬರುವ ತನಕ ಹೊಂಗೆ ಸೊಪ್ಪು ಸವರಿ ತೊಗರಿ ಬುಡಕ್ಕೆ ಹಾಸಿ. ಇಡೀ ಹೊಲಕ್ಕೆ ಸಾಲದು, ತೊಗರಿ ಸಾಲಿಗಷ್ಟೇ ಹಾಕಿದರೂ ಆಗುತ್ತದೆ.