ಉಪ್ಪು ಬೇರೆ, ಗಡಸು ಬೇರೆ: ಈಜುಕೊಳದ ನೀರಿನ ಪ್ರಶ್ನೋತ್ತರ

ಪ್ರಶ್ನೆ (ಉಡುಪಿ ಪಡುಕೆರೆ ಕಡೆಯ ಹೋಮ್‌ಸ್ಟೇ ಮಾಲೀಕರು): ಸರ್, ನಮ್ಮಲ್ಲಿ ಎಂಟು ಮೀಟರ್ ಉದ್ದ, ನಾಲ್ಕೂವರೆ ಮೀಟರ್ ಅಗಲದ ಈಜುಕೊಳವಿದೆ. ಸರಾಸರಿ ಆಳ 1.4 ಮೀಟರ್, ಸುಮಾರು 50,000 ಲೀಟರ್ ನೀರು ಹಿಡಿಯುತ್ತದೆ. ಕಳೆದ ದೀಪಾವಳಿ ಕಳೆದ ಮೇಲೆ ಸಾಲ್ಟ್ ಕ್ಲೋರಿನೇಟರ್ (ಉಪ್ಪು ನೀರಿನಿಂದಲೇ ಕ್ಲೋರಿನ್ ತಯಾರಿಸುವ ಯಂತ್ರ) ಹಾಕಿಸಿದೆವು. ಈಗ ಮೇ ತಿಂಗಳು, ಟೈಲ್ಸ್ ಸಂದಿನ ಸಿಮೆಂಟನ್ನು ಬೆರಳಿನಿಂದ ಉಜ್ಜಿದರೆ ಮರಳಿನಂತೆ ಉದುರುತ್ತಿದೆ. ಮೇಸ್ತ್ರಿ ನೋಡಿ "ಉಪ್ಪು ತಿಂದುಹಾಕಿದೆ" ಎಂದರು. ಪಂಪಿನವರು "ನಿಮ್ಮ ಬಾವಿಯದು ಸವಳು ನೀರು, ಗಡಸು ಜಾಸ್ತಿ, ಸಾಫ್ಟನರ್ ಕೂರಿಸಿ" ಎಂದರು. ಕೊಳದ ನೀರಿನ ಪರೀಕ್ಷೆ ಮಾಡಿಸಿದೆ. ಉಪ್ಪು 3,600 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು), ಒಟ್ಟು ಗಡಸುತನ 310, ಕ್ಷಾರತೆ (ಪಿಎಚ್ ಏರಿಳಿಯದಂತೆ ಹಿಡಿದಿಡುವ ಗುಣ) 30, ಪಿಎಚ್ 7.3. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದನ್ನೂ ಕೇಳಬೇಡಿ. ಸಾಫ್ಟನರ್ ಅಂತೂ ಖಂಡಿತ ಬೇಡ.

"ಸವಳು" ಎಂಬ ಪದವೇ ಇಲ್ಲಿ ತೊಂದರೆ ಮಾಡುತ್ತಿದೆ. ಉಪ್ಪುಪ್ಪಾದ ನೀರಿಗೂ ಸವಳು ಎನ್ನುತ್ತೇವೆ, ಸೋಪು ನೊರೆ ಬಾರದ ನೀರಿಗೂ ಸವಳು ಎನ್ನುತ್ತೇವೆ. ಉಪ್ಪು ಎಂದರೆ ಸೋಡಿಯಂ ಕ್ಲೋರೈಡ್. ಗಡಸುತನ ಬರುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂನಿಂದ. ಈಜುಕೊಳದ ಮಟ್ಟಿಗೆ ಇವೆರಡರ ಲೆಕ್ಕ ಪೂರ್ತಿ ಬೇರೆ.

ಸಮುದ್ರದ ನೀರಿನಲ್ಲಿ ಉಪ್ಪು ಸುಮಾರು 35,000 ಪಿಪಿಎಂ. ನಿಮ್ಮ ಕೊಳದಲ್ಲಿರುವುದು ಅದರ ಹತ್ತನೇ ಒಂದು ಪಾಲು, ಕಣ್ಣೀರಿಗಿಂತಲೂ ಕಡಿಮೆ. ಅಷ್ಟು ಉಪ್ಪು ಆರು ತಿಂಗಳಲ್ಲಿ ಸಿಮೆಂಟನ್ನು ಹೀಗೆ ತಿನ್ನುವುದಿಲ್ಲ. ಏಣಿ ಅಗ್ಗದ ಸ್ಟೀಲಿನದಾಗಿದ್ದರೆ ಅದಕ್ಕೆ ತುಕ್ಕಿನ ಚುಕ್ಕೆ ಬೀಳಬಹುದು. ದಡಕ್ಕೆ ಮುರಕಲ್ಲು (ಜಂಬಿಟ್ಟಿಗೆ) ಹಾಸಿದ್ದರೆ ಚಿಮ್ಮಿದ ನೀರು ಒಣಗಿ, ಉಪ್ಪಿನ ಹರಳು ಕಲ್ಲಿನ ಮೈಯನ್ನು ಹುಡಿ ಹುಡಿಯಾಗಿ ಎಬ್ಬಿಸಬಹುದು. ಅದು ನೀರಿನ ಹೊರಗಿನ ಕಥೆ. ನೀರಿನೊಳಗೆ ಸಂದು ಉದುರಿದರೆ ನನ್ನ ಅನುಮಾನ ಮೊದಲು ಹೋಗುವುದು ಸುಣ್ಣದ, ಎಂದರೆ ಕ್ಯಾಲ್ಸಿಯಂನ, ಕೊರತೆಯ ಕಡೆಗೆ.

ಎರಡು ವಿಷಯ ತಿಳಿಸಿ. ಕ್ಯಾಲ್ಸಿಯಂ ಗಡಸುತನವನ್ನು ಪ್ರತ್ಯೇಕವಾಗಿ ಅಳೆಸಿದ್ದೀರಾ? ಹಾಕಿದ ಉಪ್ಪು ಯಾವುದು?

ಪ್ರಶ್ನೆ ಕೇಳಿದವರು (ಮರುದಿನ): ಪುನಃ ಅಳೆಸಿದೆ ಸರ್. ಒಟ್ಟು 310ರಲ್ಲಿ ಕ್ಯಾಲ್ಸಿಯಂ ಗಡಸುತನ ಬರೀ 55! ಉಪ್ಪು ಮಲ್ಪೆಯಿಂದ ತಂದದ್ದು, ಮೀನಿಗೆ ಹಾಕುವ ದಪ್ಪ ಉಪ್ಪು. ನವೆಂಬರಿನಲ್ಲಿ ಬಾವಿ ನೀರು ಸಿಹಿಯೇ ಇತ್ತು. ಮಾರ್ಚಿನಿಂದ ಉಪ್ಪಾಗಿದೆ, ಕೊಳದ ನೀರು ಇಳಿದಾಗಲೆಲ್ಲ ಅದನ್ನೇ ತುಂಬಿಸುತ್ತಿದ್ದೇವೆ.

ಉತ್ತರ: ಹಾಗಾದರೆ ಚಿತ್ರ ಸ್ಪಷ್ಟವಾಯಿತು.

ನಮ್ಮ ಕರಾವಳಿಯ ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ತುಂಬ ಮೆದು, ಸ್ವಲ್ಪ ಹುಳಿ ಗುಣದ್ದು. ಬಚ್ಚಲಿನ ಹಂಡೆಯೊಳಗೆ ನೋಡಿ. ಬಯಲುಸೀಮೆಯ ಹಂಡೆಗಳಲ್ಲಿ ಬೆರಳು ದಪ್ಪ ಕೂರುವ ಬಿಳಿ ಪೊರೆ ನಮ್ಮಲ್ಲಿ ಕಾಣುವುದಿಲ್ಲ. ಸ್ನಾನಕ್ಕೆ ಒಳ್ಳೆಯದು, ಸಿಮೆಂಟಿಗೆ ಕೆಟ್ಟದ್ದು. ನೀರಿಗೆ ಇಂತಿಷ್ಟು ಸುಣ್ಣ ಬೇಕೇ ಬೇಕು. ನೀವು ಕೊಡದಿದ್ದರೆ ಟೈಲ್ಸ್ ಸಂದಿನಿಂದ ಕಿತ್ತುಕೊಳ್ಳುತ್ತದೆ. ನಿಮ್ಮ ಕೊಳದಲ್ಲಿ ಆದದ್ದು ಇಷ್ಟೇ.

ಮತ್ತೆ 310 ಎಲ್ಲಿಂದ ಬಂತು? ಬೇಸಿಗೆಯಲ್ಲಿ ಬಾವಿಗೆ ಸಮುದ್ರದ ನೀರು ಜಿನುಗಿದೆ. ಸಮುದ್ರದ ನೀರಿನ ಗಡಸುತನ 6,000 ಪಿಪಿಎಂ ದಾಟುತ್ತದೆ, ಆದರೆ ಅದರಲ್ಲಿ ಕ್ಯಾಲ್ಸಿಯಂ ಪಾಲು ಸಾವಿರದಷ್ಟು ಮಾತ್ರ, ಉಳಿದದ್ದೆಲ್ಲ ಮೆಗ್ನೀಸಿಯಂ. ಮೀನಿನ ಉಪ್ಪಿನಲ್ಲೂ ಮೆಗ್ನೀಸಿಯಂ ಇರುತ್ತದೆ, ಜೊತೆಗೆ ಮಣ್ಣು. ಮೆಗ್ನೀಸಿಯಂ ಎಷ್ಟಿದ್ದರೂ ಸಿಮೆಂಟಿಗೆ ಪ್ರಯೋಜನವಿಲ್ಲ. ಒಟ್ಟು ಗಡಸುತನ ಮಾತ್ರ ನೋಡಿ "ಸರಿಯಾಗಿದೆ" ಎಂದುಕೊಂಡು ನಾನೂ ಒಮ್ಮೆ ಮೋಸಹೋಗಿದ್ದೇನೆ. ಆ ಕೊಳದ ಸಂದುಗಳನ್ನೆಲ್ಲ ಮತ್ತೆ ತುಂಬಿಸಬೇಕಾಯಿತು. ಅಂದಿನಿಂದ ಕ್ಯಾಲ್ಸಿಯಂ ಪ್ರತ್ಯೇಕ ಅಳೆಯದೆ ಯಾರಿಗೂ ಸಲಹೆ ಕೊಡುವುದಿಲ್ಲ.

ಸಾಫ್ಟನರ್ ಮಾಡುವ ಕೆಲಸ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುವುದು. ನಿಮಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ.

ಮೊದಲು ಕ್ಷಾರತೆ. 30ರಿಂದ 80ಕ್ಕೆ ಏರಿಸಲು 50,000 ಲೀಟರಿಗೆ ನಾಲ್ಕು ಕಿಲೋದಷ್ಟು ಅಡುಗೆ ಸೋಡಾ ಬೇಕು. ಪಂಪ್ ಓಡುತ್ತಿರಲಿ. ಎರಡು ದಿನ ಬಿಟ್ಟು ಕ್ಯಾಲ್ಸಿಯಂ ಕ್ಲೋರೈಡ್. 55ರಿಂದ 225ಕ್ಕೆ ತರಲು ಸುಮಾರು ಹನ್ನೆರಡೂವರೆ ಕಿಲೋ ಅದರ ಚಕ್ಕೆ (ಫ್ಲೇಕ್ಸ್) ಬೇಕು. ಮೂರು ನಾಲ್ಕು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿ. ಎರಡನ್ನೂ ಒಂದೇ ದಿನ ಹಾಕಿದರೆ ಕೊಳ ಮಜ್ಜಿಗೆಯಾಗುತ್ತದೆ. ಬಕೆಟಿನ ನೀರಿಗೆ ಚಕ್ಕೆಯನ್ನು ಹಾಕಬೇಕು, ಚಕ್ಕೆಯ ಮೇಲೆ ನೀರು ಸುರಿಯಬಾರದು. ಕರಗುವಾಗ ಬಕೆಟ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ.

ಕ್ಯಾಲ್ಸಿಯಂ ಅನ್ನು 400ರವರೆಗೆ ಏರಿಸುವ ಉತ್ಸಾಹ ಬೇಡ. ಕ್ಲೋರಿನೇಟರ್ ಸೆಲ್ಲಿನೊಳಗೆ ಉಪ್ಪು ನೀರು ವಿದ್ಯುತ್ತಿನಿಂದ ಒಡೆದು ಕ್ಲೋರಿನ್ ಹುಟ್ಟುವಾಗ ಒಂದು ಬದಿಯ ತಗಡಿನ ಮೇಲೆ ಕ್ಷಾರವೂ ಹುಟ್ಟುತ್ತದೆ. ಕ್ಯಾಲ್ಸಿಯಂ ಹೆಚ್ಚಿದ್ದರೆ ಅಲ್ಲೇ ಬಿಳಿ ಪೊರೆ ಕಟ್ಟುತ್ತದೆ. ಕೊಳದ ಪಿಎಚ್ ಮೆಲ್ಲಗೆ ಮೇಲೇರುತ್ತ ಹೋಗುವುದೂ ಉಪ್ಪಿನ ಕೊಳಗಳ ಸ್ವಭಾವ. ಹಾಗಾಗಿ 200ರಿಂದ 300ರ ನಡುವೆ ಇದ್ದರೆ ಸಾಕು. ಇನ್ನು ಉಪ್ಪು ಕೊಳ್ಳುವಾಗ ಅಯೋಡಿನ್ ಬೆರೆಸದ, 99 ಶೇಕಡಕ್ಕಿಂತ ಶುದ್ಧವಾದ ಉಪ್ಪನ್ನೇ ಕೊಳ್ಳಿ. ಮಲ್ಪೆಯ ಮೂಟೆ ಅಗ್ಗ ನಿಜ, ಅದು ಮೀನಿಗಿರಲಿ.

ಪ್ರಶ್ನೆ (ಮಂಗಳೂರು ಬಿಜೈಯ ಅಪಾರ್ಟ್‌ಮೆಂಟಿನವರು): ನಮ್ಮದು ಇದಕ್ಕೆ ಉಲ್ಟಾ. ಉಪ್ಪಿನ ಯಂತ್ರ ಇಲ್ಲ, ನೇತ್ರಾವತಿ ನದಿಯ ತುಂಬೆ ಅಣೆಕಟ್ಟಿನಿಂದ ಬರುವ ನಲ್ಲಿ ನೀರು. ಆದರೂ ನೀರಿನ ಮಟ್ಟದ ಟೈಲ್ಸ್ ಮೇಲೆ ಬಿಳಿ ಗೆರೆ ಕಟ್ಟಿದೆ. ಕ್ಯಾಲ್ಸಿಯಂ 420 ಬಂದಿದೆ. ಕ್ಲೋರಿನಿಗೆ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹುಡಿ ಹಾಕುತ್ತೇವೆ.

ಉತ್ತರ: ಉತ್ತರ ಆ ಹುಡಿಯ ಹೆಸರಿನಲ್ಲೇ ಇದೆ ಮೇಡಂ. ಅದರಿಂದ 10 ಪಿಪಿಎಂ ಕ್ಲೋರಿನ್ ಕೊಟ್ಟಾಗಲೆಲ್ಲ ಗಡಸುತನ 7ರಷ್ಟು ಏರುತ್ತದೆ. ದಿನಕ್ಕೆ 3 ಪಿಪಿಎಂ ಎಂದರೆ ನೂರು ದಿನಕ್ಕೆ 210. ಬಿಸಿಲಿಗೆ ನೀರು ಆರುತ್ತದೆ, ಕ್ಯಾಲ್ಸಿಯಂ ಆರುವುದಿಲ್ಲ. ಮಳೆ ಬರುವ ತನಕ ದ್ರವ ಕ್ಲೋರಿನಿಗೆ (ಸೋಡಿಯಂ ಹೈಪೋಕ್ಲೋರೈಟ್) ಬದಲಾಯಿಸಿ, ಪಿಎಚ್ 7.4ರ ಆಸುಪಾಸಿನಲ್ಲಿಡಿ. ತಮಾಷೆಯೆಂದರೆ ದ್ರವ ಕ್ಲೋರಿನ್ ಕೊನೆಗೆ ಉಪ್ಪಾಗಿಯೇ ಉಳಿಯುತ್ತದೆ. ಯಂತ್ರವಿಲ್ಲದ ನಿಮ್ಮ ಕೊಳದಲ್ಲೂ ಒಂದಷ್ಟು ಉಪ್ಪು ಇದ್ದೇ ಇರುತ್ತದೆ. ಗೆರೆಯನ್ನು ಉಜ್ಜಲು ಆಸಿಡ್ ಬಳಸುವುದಾದರೆ ಹುಡಿಯ ಡಬ್ಬ ಆ ಜಾಗದಲ್ಲೇ ಇರಬಾರದು. ಎರಡೂ ಸೇರಿದರೆ ವಿಷಾನಿಲ.

ಪಡುಕೆರೆಯವರು: ಸರ್, ಇನ್ನು ಮೂರು ವಾರಕ್ಕೆ ಮಳೆ. ಹನ್ನೆರಡು ಕಿಲೋ ಹಾಕಿದ್ದು ನಿಲ್ಲುತ್ತದೆಯೇ? ಇಲ್ಲವೇ ಈಗಲೇ ಕೊಳ ಖಾಲಿ ಮಾಡಿಬಿಡಲೇ?

ಉತ್ತರ: ನಿಲ್ಲುವುದಿಲ್ಲ. ನಮ್ಮಲ್ಲಿ ಮಳೆಗಾಲಕ್ಕೆ 3,500 ಮಿಲಿಮೀಟರ್ ಆಸುಪಾಸು ಸುರಿಯುತ್ತದೆ. ನಿಮ್ಮ ಕೊಳದ ಆಳ 1,400 ಮಿಲಿಮೀಟರ್. ತೆರೆದೇ ಇಟ್ಟರೆ ಉಪ್ಪು, ಕ್ಯಾಲ್ಸಿಯಂ, ಸೋಡಾ ಎಲ್ಲ ತುಂಬಿ ಹರಿದುಹೋಗಿ ಗಣೇಶ ಚೌತಿಯ ಹೊತ್ತಿಗೆ ಬಹುಪಾಲು ಮಳೆ ನೀರೇ ಉಳಿದಿರುತ್ತದೆ. ಮಳೆ ನೀರಿಗಿಂತ ಮೆದುವಾದದ್ದು ಇಲ್ಲ, ಸಂದುಗಳಿಗೆ ನಿಜವಾದ ಗಂಡಾಂತರ ಆಗಲೇ.

ಖಾಲಿ ಮಾತ್ರ ಮಾಡಬೇಡಿ. ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬಂದಾಗ ಬರಿದಾದ ಕೊಳ ದೋಣಿಯಂತೆ ನೆಲದಿಂದ ಎದ್ದು ಬಿರುಕು ಬಿಡಬಹುದು. ಮರಳು ನೆಲದ ಪಡುಕೆರೆಯಲ್ಲಿ ಆ ಭಯ ಇನ್ನೂ ಹೆಚ್ಚು.

ಸೋಡಾ ಈಗಲೇ ಹಾಕಿ. ಕ್ಯಾಲ್ಸಿಯಂ ಅರ್ಧ ಸಾಕು. ಟಾರ್ಪಾಲು ಕಟ್ಟಲು ಸಾಧ್ಯವಾದರೆ ಕಟ್ಟಿ, ಆಗ ಪೂರ್ತಿ ಹಾಕಬಹುದು. ಕಟ್ಟಲಾಗದಿದ್ದರೆ ವಾರಕ್ಕೊಮ್ಮೆ ಕ್ಷಾರತೆ ನೋಡಿ ಸೋಡಾ ಸೇರಿಸುತ್ತ, ಪಿಎಚ್ 7.6ಕ್ಕಿಂತ ಇಳಿಯದಂತೆ ನೋಡಿಕೊಳ್ಳಿ. ಉಪ್ಪು ಯಂತ್ರಕ್ಕೆ ಬೇಕಾದ ಮಟ್ಟಕ್ಕಿಂತ ಕೆಳಗಿಳಿದ ದಿನ ಸೆಲ್ ಬಂದ್ ಮಾಡಿ, ಅಕ್ಟೋಬರ್ ತನಕ ದ್ರವ ಕ್ಲೋರಿನ್ ಬಳಸಿ. ಮಳೆಯಲ್ಲಿ ಮೂಟೆ ಮೂಟೆ ಉಪ್ಪು ಸುರಿದರೆ ಅದು ಪುನಃ ಸಮುದ್ರಕ್ಕೇ ಹೋಗುತ್ತದೆ.

ಮತ್ತೆ, ತುಂಬಿ ಹರಿಯುವ ನೀರು ಎತ್ತ ಹೋಗುತ್ತದೆ ನೋಡಿ. ತೆಂಗಿನ ಬುಡವಾದರೆ ಚಿಂತೆಯಿಲ್ಲ, ಬಾಳೆಗೆ ಬೇಡ. ಬಾವಿಯ ಕಡೆಗಂತೂ ಬೇಡವೇ ಬೇಡ.

ಪಡುಕೆರೆಯವರು: ಬಾವಿಯ ಪಕ್ಕದಲ್ಲೇ ಹರಿಯುವುದು ಸರ್. ನಾಳೆಯೇ ಚರಂಡಿ ತಿರುಗಿಸುತ್ತೇನೆ.