ಗಾಲ್ಫ್ ಟೂರ್ನಿಯಲ್ಲಿ ಹ್ಯಾಂಡಿಕ್ಯಾಪ್ (ಸ್ಕೋರಿನಿಂದ ಕಳೆಯಲು ಸಿಗುವ ಹೊಡೆತ) ಮಿತಿ 18 ಅಂದರೆ ಇಂಡೆಕ್ಸಾ, ಕೋರ್ಸ್ ಹ್ಯಾಂಡಿಕ್ಯಾಪಾ?

ಮೂರು ಪಟ್:
ಬೆಂಗಳೂರಲ್ಲಿ ಮುಂದಿನ ತಿಂಗಳು ಒಂದು ಅಮೆಚೂರ್ ಟೂರ್ನಿ ಇದೆ. ಫಾರಂನಲ್ಲಿ "ಹ್ಯಾಂಡಿಕ್ಯಾಪ್ 18 ಮೀರಬಾರದು" ಅಂತಷ್ಟೇ ಹಾಕಿದ್ದಾರೆ. ನನ್ನ ಇಂಡೆಕ್ಸ್, ಅಂದರೆ ನನ್ನ ಆಟದ ಮಟ್ಟ ತೋರಿಸುವ ಅಂಕಿ, 17.4. ಆದರೆ ಆ ಕೋರ್ಸಿನ ಬಿಳಿ ಟೀಗೆ (ಆಟ ಶುರು ಮಾಡುವ ಜಾಗ) ಸ್ಲೋಪ್ (ಕಷ್ಟದ ಅಳತೆ) 128, ಲೆಕ್ಕ ಹಾಕಿದರೆ ಕೋರ್ಸ್ ಹ್ಯಾಂಡಿಕ್ಯಾಪ್ 20 ಬರುತ್ತದೆ. ಹೆಸರು ಕೊಡಬಹುದಾ? ಸುಮ್ನೆ ಎಂಟ್ರಿ ಫೀ ಹೋಗಬಾರದಲ್ವಾ.

ಬಂಕರ್ ಭಟ್ರು:
ನಿಮ್ಮ ಲೆಕ್ಕ ಸರಿ ಇದೆ. 17.4 × 128 ÷ 113 (ಸಾಧಾರಣ ಕಷ್ಟದ ಕೋರ್ಸಿನ ಸ್ಲೋಪ್) ಅಂದರೆ 19.7, ಕೋರ್ಸ್ ರೇಟಿಂಗೂ (ಹ್ಯಾಂಡಿಕ್ಯಾಪ್ ಸೊನ್ನೆ ಇರುವವರ ನಿರೀಕ್ಷಿತ ಸ್ಕೋರು) ಪಾರ್ ಕೂಡ (ಕೋರ್ಸಿಗೆ ನಿಗದಿಯಾದ ಹೊಡೆತ) ಒಂದೇ ಇದ್ದರೆ 20. ದೊಡ್ಡ ಟೂರ್ನಿಗಳಲ್ಲಿ ಮಿತಿ ನೋಡುವುದು ಸಾಮಾನ್ಯವಾಗಿ ಇಂಡೆಕ್ಸ್ ಮೇಲೆ. ಯುಎಸ್ ಓಪನ್‌ಗೆ ಅಮೆಚೂರ್‌ಗಳು ಹೆಸರು ಕೊಡಬೇಕಾದರೂ ಹಾಗೆಯೇ, ಇಂಡೆಕ್ಸ್ 0.4 ಮೀರಬಾರದು. ಕಾರಣ ಸರಳ: ಕೋರ್ಸ್ ಹ್ಯಾಂಡಿಕ್ಯಾಪ್ ಟೀ ಬದಲಾದರೆ ಬದಲಾಗುತ್ತದೆ, ಇಂಡೆಕ್ಸ್ ಎಲ್ಲಿ ಹೋದರೂ ಅದೇ. ಆದರೆ ಕ್ಲಬ್ ಟೂರ್ನಿಗಳಲ್ಲಿ ಕಮಿಟಿ ಹೇಳಿದ್ದೇ ನಿಯಮ. ಕೆಲವು ಕಡೆ 20 ಇರುವವರನ್ನೂ ಸೇರಿಸಿಕೊಂಡು, ಆಡಲು ಮಾತ್ರ 18 ಕೊಡುತ್ತಾರೆ. ಆಫೀಸಿಗೆ ಮೇಲ್ ಹಾಕಿ ಕೇಳಿ, ಫೋನಲ್ಲಿ ಬೇಡ. ಆ ದಿನ ಆಟ ಶುರು ಮಾಡಿಸುವ ಸ್ಟಾರ್ಟರ್ ತಕರಾರು ತೆಗೆದರೆ ತೋರಿಸಲು ಏನಾದರೂ ಕೈಲಿರಬೇಕು.

ಡಬಲ್ ಬೋಗಿ:
ಯಾವ ದಿನದ ಇಂಡೆಕ್ಸ್ ಅಂತಲೂ ಕೇಳಿಬಿಡಿ ಸರ್. ಎಂಟ್ರಿ ಮುಗಿಯುವ ದಿನದ್ದಾ, ಆಟದ ದಿನದ್ದಾ? ಕೊನೆಯ 20 ಸ್ಕೋರ್ ಕಾರ್ಡಲ್ಲಿ ಒಳ್ಳೆಯ 8ರ ಸರಾಸರಿ ತಾನೇ ಇಂಡೆಕ್ಸ್ ಅಂದರೆ. ಆ 8ರಲ್ಲಿ ಒಂದು ಹಳೆಯ ಒಳ್ಳೆ ಸ್ಕೋರು 20ರಿಂದ ಆಚೆ ಬಿದ್ದರೆ ಸಾಕು, ನೀವು ಕೆಟ್ಟದಾಗಿ ಆಡದಿದ್ದರೂ 18 ದಾಟಬಹುದು.

ಕೊಡಗಿನ ಡ್ರೈವ್:
ಮಿತಿ ಮೇಲಿನಿಂದ ಹಾಕುತ್ತಾರೆ, ಸರಿ. ಬೇಕಂತಲೇ ಕೆಟ್ಟ ಕಾರ್ಡ್ ಹಾಕಿ 17ಕ್ಕೆ ಏರಿಸಿಕೊಂಡು ಬಂದು ಕಪ್ ಎತ್ತುವವರನ್ನು ಯಾರು ಹಿಡಿಯುತ್ತಾರೆ?

ಬಂಕರ್ ಭಟ್ರು:
2020ರ ಹೊಸ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಅದಕ್ಕೂ ಲಗಾಮಿದೆ. ವರ್ಷದ ಅತಿ ಕಡಿಮೆ ಇಂಡೆಕ್ಸಿಗಿಂತ 5ಕ್ಕಿಂತ ಜಾಸ್ತಿ ಏರುವುದಿಲ್ಲ. ಇಂಡೆಕ್ಸಿಗಿಂತ 7 ಅಥವಾ ಹೆಚ್ಚು ಚೆನ್ನಾಗಿ ಆಡಿದರೆ ಕೂಡಲೇ 1 ಕಡಿತ, 10 ಅಥವಾ ಹೆಚ್ಚಾದರೆ 2. ಆದರೂ ಜಾಣರು ಸಂದು ಹುಡುಕುತ್ತಾರೆ ಬಿಡಿ. 1976ರಲ್ಲಿ ಮಾರಿಸ್ ಫ್ಲಿಟ್‌ಕ್ರಾಫ್ಟ್ ಅನ್ನೋ ಕ್ರೇನ್ ಆಪರೇಟರ್, ಅಮೆಚೂರ್ ಅಂದರೆ ಹ್ಯಾಂಡಿಕ್ಯಾಪ್ ಕೇಳುತ್ತಾರೆ ಅಂತ ಫಾರಂನಲ್ಲಿ ಪ್ರೊಫೆಷನಲ್ ಅಂತ ಹಾಕಿ, ಬ್ರಿಟಿಷ್ ಓಪನ್ ಕ್ವಾಲಿಫೈಯಿಂಗ್‌ನಲ್ಲಿ ಬರೋಬ್ಬರಿ 121 ಹೊಡೆತ ತೆಗೆದುಕೊಂಡ!

ಮೂರು ಪಟ್:
ಮೇಲ್ ಹಾಕಿದೆ, ಉತ್ತರ ಬಂತು. ಇಂಡೆಕ್ಸೇ ಅಂತೆ, ಎಂಟ್ರಿ ಮುಗಿಯುವ ದಿನದ್ದು. ಫೀ ಕಟ್ಟಿದೆ.