ಬಿಳಿ ಮಣ್ಣಿನ ಕೆರೆಯೂ ನಮ್ಮ ಮಕ್ಕಳ ಕನ್ನಡವೂ

ಎಲ್ಲರಿಗೂ ನಮಸ್ಕಾರ. ಕನ್ನಡದಲ್ಲಿ ಕೇಳಿದರೆ ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾರೆ ಅಂತ ನಮ್ಮ ಈ ಗುಂಪಿನಲ್ಲಿ ಮೂರು ದಿನದಿಂದ ಮಾತು ನಡೆದಿದೆ. ನಮ್ಮ ಮನೆಯಲ್ಲೂ ಹಾಗೇ ಇತ್ತು. ನಮ್ಮದಲ್ಲದ ಒಂದು ಭಾಷೆಯಿಂದ, ಅಮೆರಿಕದ ಮೂಲನಿವಾಸಿಗಳಾದ ಡಕೋಟ ಜನರ ಭಾಷೆಯಿಂದ, ನಮಗೆ ಸಿಕ್ಕಿದ್ದನ್ನು ಹೇಳುತ್ತೇನೆ.

ನಾವಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ. ಸಂಜೆ ವಾಕಿಂಗ್ ಹೋಗುವ ಕೆರೆಗೆ ನಾವು ಬಂದ ಹೊಸದರಲ್ಲಿ ಕ್ಯಾಲ್‌ಹೂನ್ ಅಂತ ಹೆಸರಿತ್ತು. 2018ರಲ್ಲಿ ರಾಜ್ಯ ಸರ್ಕಾರ ಅದರ ಡಕೋಟ ಹೆಸರನ್ನು ಒಪ್ಪಿಕೊಂಡಿತು: ಬ್ಡೆ ಮಕಾ ಸ್ಕಾ. ಬ್ಡೆ ಅಂದರೆ ಕೆರೆ, ಮಕಾ ಅಂದರೆ ಮಣ್ಣು, ಸ್ಕಾ ಅಂದರೆ ಬಿಳಿ. ಮಿನ್ನೆಸೋಟ ಅನ್ನುವುದೂ ಡಕೋಟ ಮಾತೇ. ಅದರಲ್ಲಿರುವ ‘ಮ್ನಿ’ ಅಂದರೆ ನೀರು. ಇದನ್ನು ಹೇಳಿದಾಗ ಮಗಳು ಕೇಳಿದಳು, “ಆ ಭಾಷೆ ಮಾತಾಡೋರು ಈಗ ಎಲ್ಲಿದ್ದಾರಪ್ಪಾ?”

ಉತ್ತರ ಹೇಳುವುದು ಕಷ್ಟವಾಯಿತು. ಡಕೋಟ ಜನರಿಗೂ ಅಮೆರಿಕ ಸರ್ಕಾರಕ್ಕೂ ನಡೆದ 1862ರ ಯುದ್ಧದ ನಂತರ, ಡಿಸೆಂಬರ್ 26ರಂದು, ಮ್ಯಾಂಕೇಟೊ ಊರಿನಲ್ಲಿ 38 ಡಕೋಟ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಮರುವರ್ಷ ಹೆಚ್ಚಿನವರನ್ನು ರಾಜ್ಯದಿಂದಲೇ ಹೊರಗೆ ಹಾಕಿದರು. ಆಮೇಲೆ ಬಂದವು ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರವಿಟ್ಟ ಬೋರ್ಡಿಂಗ್ ಶಾಲೆಗಳು. ಅಲ್ಲಿ ಮನೆಮಾತು ಆಡಿದರೆ ಶಿಕ್ಷೆ. ಆ ಮಕ್ಕಳಲ್ಲಿ ಎಷ್ಟೋ ಜನ ದೊಡ್ಡವರಾದ ಮೇಲೆ ತಮ್ಮ ಮಕ್ಕಳಿಗೆ ಭಾಷೆ ಕಲಿಸಲೇ ಇಲ್ಲ. ನಮಗೆ ಬಿದ್ದ ಏಟು ಇವರಿಗೆ ಬೀಳಬಾರದು ಅಂತ. ಮಕ್ಕಳ ಮೇಲಿನ ಪ್ರೀತಿಗೇ ಮಾತು ನುಂಗಿಕೊಂಡರು. ಇದು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಅದೇ ಮ್ಯಾಂಕೇಟೊದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು ಗ್ವೆನ್ ವೆಸ್ಟರ್‌ಮನ್, ಡಕೋಟ ಕವಯಿತ್ರಿ. 2021ರಲ್ಲಿ ಅವರು ಮಿನ್ನೆಸೋಟದ ರಾಜ್ಯಕವಿಯಾದರು. ಆ ಸ್ಥಾನಕ್ಕೆ ಬಂದ ಮೊದಲ ಮೂಲನಿವಾಸಿ ಅವರೇ. ಅವರು ಡಕೋಟದಲ್ಲೂ ಇಂಗ್ಲಿಷಿನಲ್ಲೂ ಬರೆಯುತ್ತಾರೆ. ಮಕ್ಕಳಿಗೆ ಭಾಷೆ ಕಲಿಸಲು ಪದ್ಯವೂ ಒಂದು ದಾರಿ ಅಂತ ನನಗೆ ಹೊಳೆದದ್ದು ಇಲ್ಲಿಂದ. ಪದಪಟ್ಟಿ ಪರೀಕ್ಷೆ ಮುಗಿದ ಮೇಲೆ ಮರೆತುಹೋಗುತ್ತದೆ, ಅಲ್ವಾ? ಪದ್ಯ ಹಾಗಲ್ಲ. ಅರ್ಥ ಪೂರ್ತಿ ಆಗದಿದ್ದರೂ ಮಗು ಅದನ್ನು ಗುನುಗುತ್ತಿರುತ್ತದೆ. ಅರ್ಥ ನಿಧಾನಕ್ಕೆ ಹಿಂದಿನಿಂದ ಬರುತ್ತದೆ.

ಮಗಳಿಗೆ ಜಾಸ್ತಿ ಇಷ್ಟವಾದದ್ದು ಡಕೋಟದ ನಂಟಿನ ಹೆಸರುಗಳು. ಅಮ್ಮ ‘ಇನಾ’. ಅಮ್ಮನ ಅಕ್ಕತಂಗಿಯರೂ ‘ಇನಾ’. ಅಣ್ಣನನ್ನು ತಮ್ಮ ‘ಚಿಂಯೆ’ ಅನ್ನುತ್ತಾನೆ, ತಂಗಿ ‘ತಿಬ್ಡೊ’ ಅನ್ನುತ್ತಾಳೆ. ನಮ್ಮ ದೊಡ್ಡಮ್ಮ, ಚಿಕ್ಕಮ್ಮ ನೆನಪಾಗಲ್ವಾ? 1871ರಲ್ಲೇ ಲೂಯಿಸ್ ಹೆನ್ರಿ ಮಾರ್ಗನ್ ಅನ್ನುವ ಅಮೆರಿಕದ ವಿದ್ವಾಂಸರು ಡಕೋಟದ ನಂಟಿನ ಪದಗಳನ್ನೂ ತಮಿಳು, ತೆಲುಗು, ಕನ್ನಡದವನ್ನೂ ಒಂದೇ ಪುಸ್ತಕದಲ್ಲಿ ಪಟ್ಟಿ ಮಾಡಿಟ್ಟಿದ್ದರು. ಇದನ್ನೆಲ್ಲ ಮಗಳಿಗೆ ಹೇಳಿದ ದಿನದಿಂದ ನಮ್ಮ ಮನೆಯಲ್ಲಿ ‘ಆಂಟಿ’ ಹೋಗಿ ಚಿಕ್ಕಮ್ಮ ವಾಪಸ್ ಬಂದಳು. ಬೆಂಗಳೂರಿಗೆ ವಿಡಿಯೊ ಕಾಲ್ ಮಾಡಿದಾಗ ನನ್ನ ನಾದಿನಿಯ ಕಣ್ಣು ತುಂಬಿ ಬಂತು.

ಈಗ ಮಕ್ಕಳಿಗೆ ‘ಕನ್ನಡದಲ್ಲಿ ಮಾತಾಡು’ ಅಂತ ಗದರುವುದನ್ನು ಬಿಟ್ಟಿದ್ದೇವೆ. ರಾತ್ರಿ ಮಲಗುವ ಮುಂಚೆ ನಾಲ್ಕು ಸಾಲಿನ ಒಂದು ಪದ್ಯ, ಅಷ್ಟೇ. ಕಳೆದ ವಾರ ಮಗಳು ತಾನೇ ಒಂದು ಸಾಲು ಕಟ್ಟಿದಳು: “ಬಿಳಿ ಮಣ್ಣಿನ ಕೆರೆಯೇ, ನಿನ್ನಮ್ಮ ನಿನ್ನನ್ನು ಏನಂತ ಕರೀತಿದ್ದಳು?”

ಮುಂದಿನ ತಿಂಗಳು ಭಾನುವಾರದ ಕನ್ನಡ ತರಗತಿಯಲ್ಲಿ ಮಕ್ಕಳಿಂದಲೇ ಹೀಗೆ ಬರೆಸೋಣ ಅಂತಿದ್ದೇನೆ. ಇಲ್ಲಿನ ಕೆರೆ, ಹಿಮ, ಶಾಲೆಯ ಬಸ್ಸು, ಎಲ್ಲವೂ ಕನ್ನಡದಲ್ಲಿ. ಮಕ್ಕಳನ್ನು ತರಗತಿಗೆ ಕಳಿಸುವವರು ಮಗುವಿನ ವಯಸ್ಸನ್ನು ಕೆಳಗೆ ಹಾಕಿ. ಅಕ್ಷರ ಬರದಿದ್ದರೂ ಪರವಾಗಿಲ್ಲ, ಅವರು ಹೇಳಲಿ, ನಾವು ಬರೆದುಕೊಳ್ಳೋಣ.